ಕಡಕ್‌ನಾಥ್ ತಳಿ ಆಯ್ಕೆ: ಪುಕ್ಕ ಕಪ್ಪಗಿದ್ದರೆ ಸಾಲದು

ಕಡಕ್‌ನಾಥ್ ಸಾಕುವ ನಮ್ಮ ರೈತರು ಮುಂದಿನ ಪೀಳಿಗೆಗೆ ಹುಂಜ ಆರಿಸುವಾಗ ಮೊದಲು ನೋಡುವುದು ಪುಕ್ಕದ ಬಣ್ಣವನ್ನು. ಕಾಡಿಗೆಯಂತಿದ್ದರೆ ಉಳಿಸಿಕೊಳ್ಳುತ್ತಾರೆ. ಕತ್ತಿನ ಮೇಲೆ ಹೊಂಬಣ್ಣ ಕಂಡರೆ ಬೆರಕೆ ಎಂದು ಸಂತೆಗೆ ಸಾಗಿಸುತ್ತಾರೆ. ಇದು ತಪ್ಪು. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಜಿಲ್ಲೆಗಳಲ್ಲಿ ಭಿಲ್ ಮತ್ತು ಭಿಲಾಲ ಜನ ಸಾಕಿಕೊಂಡು ಬಂದ ಈ ತಳಿಯಲ್ಲಿ ಅಚ್ಚಗಪ್ಪು, ಬಿಳಿ ಗೆರೆಯ ಪೆನ್ಸಿಲ್ಡ್, ಹೊಂಬಣ್ಣದ ಗೋಲ್ಡನ್ ಎಂಬ ಮೂರು ಬಗೆಗಳಿವೆ. ಮೂರೂ ಶುದ್ಧವೇ. ಹೊಂಬಣ್ಣದವನ್ನೆಲ್ಲ ಮಾರಿಬಿಟ್ಟರೆ ಮೊದಲೇ ಚಿಕ್ಕದಾದ ಹಿಂಡು ಇನ್ನಷ್ಟು ಸೊರಗುತ್ತದೆ.

ತಳಿಯ ಗುರುತು ಇರುವುದು ಪುಕ್ಕದ ಕೆಳಗೆ. ಕೋಳಿಯನ್ನು ಕೈಗೆತ್ತಿಕೊಂಡು ಕೊಕ್ಕು ಬಿಡಿಸಿ: ನಾಲಿಗೆ ಕಪ್ಪು ನೇರಳೆಯಾಗಿರಬೇಕು. ಎದೆಯ ಪುಕ್ಕವನ್ನು ಉಸಿರಿನಿಂದ ಊದಿ ಸರಿಸಿದರೆ ಚರ್ಮ ಸ್ಲೇಟಿನ ಬಣ್ಣ ತೋರಬೇಕು. ಕಾಲು ಮಗುಚಿ ಅಂಗಾಲನ್ನೂ ನೋಡಿ, ಅಲ್ಲೂ ಅದೇ ಬಣ್ಣ. ಒಂಟಿ ಸಾಲಿನ ಜುಟ್ಟು, ಗಲ್ಲದ ಜೋಲು ನೇರಳೆಗಪ್ಪು. ಕಾಲಿಗೆ ನಾಲ್ಕೇ ಬೆರಳು; ಐದಿದ್ದರೆ ಸಿಲ್ಕಿ ಕೋಳಿಯ ರಕ್ತ ಬೆರೆತಿರುವ ಶಂಕೆ ಬರಬೇಕು. ಮೊಟ್ಟೆ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆಯ ಚಿತ್ರ ತೋರಿಸಿ ಮರಿ ಮಾರುವವರನ್ನು ನಂಬಬೇಡಿ.

ಇಷ್ಟೆಲ್ಲ ಸರಿಯಿದ್ದರೂ ಕೋಳಿ ಬೆರಕೆಯಾಗಿರಬಹುದು. ಚರ್ಮವನ್ನು ಕಪ್ಪಾಗಿಸುವ ವಂಶವಾಹಿ ಪ್ರಬಲವಾದುದು, ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಕೆಲಸ ಮಾಡುತ್ತದೆ. ಬಿಳಿ, ಹಳದಿ ಕಾಲಿನ ಕೋಳಿಗಳಲ್ಲಿ ಆ ಕಪ್ಪನ್ನು ತಡೆಯುವ ಇನ್ನೊಂದು ವಂಶವಾಹಿ ಇರುತ್ತದೆ. ಹೇಂಟೆ ಅದನ್ನು ಗಂಡುಮರಿಗಳಿಗಷ್ಟೇ ದಾಟಿಸುತ್ತದೆ. ಹಾಗಾಗಿ ಕಡಕ್‌ನಾಥ್ ಹುಂಜವನ್ನು ಅಂಥ ಹೇಂಟೆಯ ಜೊತೆ ಬಿಟ್ಟರೆ ಗಂಡುಮರಿಗಳ ಚರ್ಮ ಮಾಸಲಾಗುತ್ತದೆ, ಹೆಣ್ಣುಮರಿಗಳು ಕಪ್ಪಗೇ ಹುಟ್ಟುತ್ತವೆ. ಇದೇ ಕ್ರಮವನ್ನು ಬೇಟ್ಸನ್ ಮತ್ತು ಪನೆಟ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1911ರಲ್ಲೇ ಸಿಲ್ಕಿ ಕೋಳಿಗಳಲ್ಲಿ ಗುರುತಿಸಿದ್ದರು. ಶುದ್ಧ ತಳಿಯೆಂದು ಕೊಂಡ ಹೇಂಟೆಗಳಿಂದ ಮುಂದೆ ಬಿಳಿ ಚರ್ಮದ ಮರಿ ಬಂದರೆ ಕಾರಣ ಬಹುಪಾಲು ಇದೇ.

ಹುಂಜದ ಮೇಲೆ ಅನುಮಾನವಿದ್ದರೆ ಅದರ ಮರಿಗಳೇ ಉತ್ತರ ಕೊಡುತ್ತವೆ. ಬಿಳಿ ಕಾಲಿನ ನಾಟಿ ಹೇಂಟೆಗಳ ಜೊತೆ ಅದನ್ನು ಬೇರೆ ಇಟ್ಟು ಮರಿ ಮಾಡಿಸಿ, ಗಂಡು ಹೆಣ್ಣು ಗೊತ್ತಾಗುವವರೆಗೆ ಬೆಳೆಸಿ. ಶುದ್ಧ ಹುಂಜವಾದರೆ ಹೆಣ್ಣುಮರಿಗಳೆಲ್ಲ ಕಪ್ಪು ಚರ್ಮದವು. ಒಂದೇ ಒಂದು ಬಿಳಿಚಿದರೂ ಆ ಹುಂಜ ತಳಿಗೆ ಬೇಡ. ಬೆರಕೆ ಹುಂಜಕ್ಕೆ 10 ಹೆಣ್ಣುಮರಿಗಳೂ ಕಪ್ಪಗೆ ಹುಟ್ಟುವ ಸಾಧ್ಯತೆ ಸಾವಿರಕ್ಕೆ ಒಂದರಷ್ಟು. ಈ ಮರಿಗಳು ಮಾಂಸಕ್ಕೆ ಹೋಗಬೇಕೇ ಹೊರತು ಹಿಂಡಿಗೆ ಸೇರಬಾರದು.

ತೂಕದ ಆಸೆಯೂ ತಳಿ ಕೆಡಿಸುತ್ತದೆ. ಕಡಕ್‌ನಾಥ್ ಹುಂಜ ಒಂದೂವರೆಯಿಂದ ಎರಡು ಕಿಲೋ, ಹೇಂಟೆ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಮೂರು ಕಿಲೋ ಮುಟ್ಟಿದ ಹುಂಜ ಕಂಡರೆ ಹಿಗ್ಗುವ ಮೊದಲು ಅದರ ಮೂಲ ವಿಚಾರಿಸಿ. ಸೊಟ್ಟ ಕೊಕ್ಕು, ಡೊಂಕು ಬೆರಳು, ಬಾಗಿದ ಎದೆಮೂಳೆ ಇರುವವನ್ನು ಬಣ್ಣ ಎಷ್ಟೇ ಚೆನ್ನಾಗಿದ್ದರೂ ತೆಗೆಯಿರಿ. ಹೇಂಟೆಗಳಲ್ಲಿ ಮೊಟ್ಟೆಯ ಲೆಕ್ಕ ಬರೆದಿಟ್ಟು, ಹೆಚ್ಚು ಇಡುವವುಗಳ ಮರಿಗಳನ್ನೇ ಉಳಿಸಿ.

ಒಂದೇ ಹುಂಜವನ್ನು ನೆಚ್ಚಿಕೊಳ್ಳಬೇಡಿ. ಒಂದು ಹುಂಜ, 10 ಹೇಂಟೆಗಳ ಹಿಂಡಿನಲ್ಲಿ ಪ್ರತಿ ಪೀಳಿಗೆಗೂ ಒಳಸಂತಾನದ ಮಟ್ಟ ಸುಮಾರು ಶೇ. 14 ಏರುತ್ತದೆ. ಮೊಟ್ಟೆ ಒಡೆಯದೇ ಉಳಿಯುವುದು, ಮರಿ ಸಾಯುವುದು ಆಗ ಶುರು. ಐದು ಹುಂಜ, 25 ಹೇಂಟೆ ಇಟ್ಟರೆ ಈ ಏರಿಕೆ ಶೇ. 3ಕ್ಕೆ ಇಳಿಯುತ್ತದೆ. ಐದು ಗೂಡು ಮಾಡಿ, ಹುಟ್ಟಿದ ಹೆಣ್ಣುಮರಿಗಳನ್ನು ಅದೇ ಗೂಡಿನಲ್ಲಿ ಉಳಿಸಿ, ಗಂಡುಮರಿಯನ್ನು ಪಕ್ಕದ ಗೂಡಿಗೆ ದಾಟಿಸುತ್ತ ಹೋಗಿ. ಯಾವ ಗೂಡಿನ ಮರಿ ಎಂದು ತಿಳಿಯಲು, ಹುಟ್ಟಿದ ದಿನವೇ ಬೆರಳ ನಡುವಿನ ಪೊರೆಗೆ ಚಿಕ್ಕ ತೂತು ಹಾಕಿ. ಎರಡು ಕಾಲಿನ ನಾಲ್ಕು ಪೊರೆಗಳಲ್ಲಿ 16 ಬಗೆಯ ಗುರುತು ಸಾಧ್ಯ.

ಹುಂಜ ಬದಲಿಸಿದ ಮೇಲೆ ಮೂರು ವಾರ ಬಿಟ್ಟೇ ಮರಿಗೆ ಮೊಟ್ಟೆ ಆಯ್ದುಕೊಳ್ಳಿ, ಹಳೆಯ ಹುಂಜದ ವೀರ್ಯ ಅಷ್ಟು ದಿನ ಹೇಂಟೆಯೊಳಗೆ ಉಳಿದಿರಬಹುದು. ಕಡಕ್‌ನಾಥ್ ಹೇಂಟೆ ಕಾವಿಗೆ ಕೂರುವುದು ಕಡಿಮೆ, ಕಾವಿಗೆ ಬಂದ ನಾಟಿ ಹೇಂಟೆಯೋ ಯಂತ್ರವೋ ಸಿದ್ಧವಿರಲಿ. ಇನ್ನು ಮಾರಾಟದ ಮಾತು: ಝಾಬುವಾ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಮ್ಮಲ್ಲಿ ಬೆಳೆದ ಕೋಳಿಯ ಮಾಂಸವನ್ನು ಕಡಕ್‌ನಾಥ್ ಎಂದು ಮಾರಿ, ಝಾಬುವಾದ ಹೆಸರು ಸೇರಿಸಬೇಡಿ.