ಫೋನಿನ ಫ, ಖುಶಿಯ ಖು, ಚಂದಾಪುರದ ದಾ

ಮಗುವಿಗೆ ಅಪರೂಪದ ಹೆಸರಿಡಬೇಕು, ಏನಂತೀರಿ ಎಂದು ಯಾರಾದರೂ ಕೇಳಿದರೆ ನಾನು ಬೇಡ ಅನ್ನುವುದಿಲ್ಲ. ಇಡಿ, ಆದರೆ ಆ ಹೆಸರಿನ ಬೆನ್ನಿಗೆ ಬರುವ ಕೆಲಸವನ್ನೂ ನೀವೇ ಹೊರಬೇಕು, ಮಗುವಿನ ಹೆಗಲಿಗೆ ಹಾಕಬಾರದು ಎನ್ನುತ್ತೇನೆ. ನನ್ನ ಮಗಳ ಹೆಸರು ಫರ್ಖುಂದಾ. ಚಿಂಚೋಳಿಗೆ ಜೋಡಿಯಾಗಿರುವ ನಮ್ಮ ಚಂದಾಪುರದಲ್ಲಿ ಆ ಹೆಸರಿನವರು ಇನ್ನೊಬ್ಬರಿರುವುದನ್ನು ನಾನು ಕಾಣೆ. ಸೇಡಂ, ಚಿತ್ತಾಪುರದ ನೆಂಟರ ಮನೆಗಳಲ್ಲೂ ಇಲ್ಲ. ಈಗ ಅವಳು ಶಾಲೆಯಲ್ಲಿ ಎದ್ದು ನಿಂತು ತನ್ನ ಹೆಸರನ್ನು ತಾನೇ ಹೇಳುವಷ್ಟು ದೊಡ್ಡವಳಾಗಿದ್ದಾಳೆ. ಇಷ್ಟು ವರ್ಷ ಈ ಹೆಸರಿನ ಜೊತೆ ಬಾಳಿ ಕಲಿತದ್ದು ಇನ್ನೊಂದು ಮನೆಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಹೆಸರು ಸಿಕ್ಕಿದ್ದು ಒಂದು ಬೆಳ್ಳಿ ರೂಪಾಯಿಯಲ್ಲಿ. ನಮ್ಮ ಅಜ್ಜನ ಸಂದೂಕದಲ್ಲಿ ನಿಜಾಮರ ಕಾಲದ ಹಾಲಿ ಸಿಕ್ಕಾ ಒಂದಿತ್ತು. ಒಂದು ಬದಿಗೆ ಚಾರ್‌ಮಿನಾರ್, ಅದರ ನಡುಗಮಾನಿನೊಳಗೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರ. ಇನ್ನೊಂದು ಬದಿಗೆ ಒತ್ತೊತ್ತಾಗಿ ಫಾರಸಿ ಅಕ್ಷರ. ಅಜ್ಜ ಅದರ ಮೇಲೆ ಬೆರಳಾಡಿಸುತ್ತ ಓದಿ ಹೇಳುತ್ತಿದ್ದರು: ‘ಜರ್ಬ್ ಫರ್ಖುಂದಾ ಬುನಿಯಾದ್ ಹೈದರಾಬಾದ್’. ಶುಭದ ಬುನಾದಿಯುಳ್ಳ ಹೈದರಾಬಾದಿನಲ್ಲಿ ಟಂಕಿಸಿದ್ದು ಎಂದರ್ಥ. ಹೈದರಾಬಾದಿಗೆ ಫರ್ಖುಂದಾ ಬುನಿಯಾದ್ ಎಂದು ಬಿರುದಿದ್ದಂತೆ ಔರಂಗಾಬಾದಿಗೆ ಖುಜಿಸ್ತಾ ಬುನಿಯಾದ್ ಎಂಬ ಬಿರುದಿತ್ತು. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಈ ಸೀಮೆ ನಿಜಾಮರ ರಾಜ್ಯದ್ದೇ. 1880ರ ದಶಕದಲ್ಲಿ ಉರ್ದು ಬರುವ ತನಕ ಅಲ್ಲಿನ ಕಚೇರಿಗಳು ನಡೆದದ್ದು ಫಾರಸಿಯಲ್ಲಿ. ಮನೆ ಕಟ್ಟಿಸುವಾಗ ‘ಬುನಾದಿ ಹಾಕ್ಸೀವಿ’ ಎನ್ನುತ್ತೇವಲ್ಲ, ಆ ಬುನಾದಿ ಇದೇ ಬುನಿಯಾದ್. ಹೊಟ್ಟೆಯಲ್ಲಿ ಮಗು ಇದ್ದಾಗಲೇ ನನಗೆ ಆ ಶಬ್ದ ನೆನಪಾಗುತ್ತಿತ್ತು. ಫರ್ಖುಂದಾ ಅಂದರೆ ಶುಭದವಳು, ಭಾಗ್ಯವಂತೆ.

ಅದಕ್ಕೂ ಮೊದಲು ಇನ್ನೊಂದು ಫಾರಸಿ ಹೆಸರು ಮನಸ್ಸಿನಲ್ಲಿತ್ತು, ಝಾಲೆ. ಇಬ್ಬನಿ ಎಂದು ಅರ್ಥ. ಕೇಳಲು ಎಷ್ಟು ಚೆಂದ! ಆದರೆ ಫಾರಸಿಯ ಆ ಝಕಾರಕ್ಕೆ ಕನ್ನಡದಲ್ಲಿ ಸರಿಯಾದ ಅಕ್ಷರವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮ ಓಣಿಯಲ್ಲಿ ಅದು ‘ಜಾಲಿ’ ಆಗುತ್ತಿತ್ತು. ಹೊಲದ ಬದುವಿನ ಮುಳ್ಳಿನ ಗಿಡದ ಹೆಸರನ್ನು ಮಗಳು ಜೀವಮಾನವಿಡೀ ಕೇಳಬಾರದೆಂದು ಕೈಬಿಟ್ಟೆವು. ಹೆಸರನ್ನು ಆರಿಸುವವರು ಅರ್ಥಕೋಶ ನೋಡಿದರೆ ಸಾಲದು, ಸುತ್ತಲಿನ ಎಲ್ಲ ಭಾಷೆಗಳ ಬಾಯಲ್ಲಿ ಅದು ಏನಾಗುತ್ತದೆ ಎಂದು ಆಡಿಸಿ ನೋಡಬೇಕು. ಚಂದಾಪುರದಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ, ಅಷ್ಟಿಷ್ಟು ಮರಾಠಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇವುಗಳಲ್ಲಿ ಒಂದರಲ್ಲಾದರೂ ಕೆಟ್ಟ ಅರ್ಥ ಬಂದರೆ ಎಂಥ ಚೆಂದದ ಹೆಸರನ್ನಾದರೂ ಬಿಡುವುದೇ ಮೇಲು.

ಮನೆಯಲ್ಲಿ ಮಾತು ಎದ್ದಿತು. ಅತ್ತೆಯವರಿಗೆ ಫಾತಿಮಾ, ಆಯಿಷಾ ಇಂಥ ಹೆಸರು ಬೇಕಿತ್ತು. ಹುಟ್ಟಿದ ಏಳನೆಯ ದಿನ ಅಕೀಕಾಕ್ಕೆ ಬಂದ ಹಿರಿಯರಲ್ಲಿ ಕೆಲವರು ಇದು ದೀನಿನ, ಅಂದರೆ ಧರ್ಮದ, ಹೆಸರಲ್ಲ ಎಂದರು. ಮಸೀದಿಯ ಇಮಾಮರನ್ನು ಕೇಳಿದೆವು. ಅರ್ಥ ಒಳ್ಳೆಯದಿರಬೇಕು, ಅಷ್ಟೇ ಎಂದರು ಅವರು. ನನಗೂ ಅದೇ ಸರಿ ಅನ್ನಿಸಿತು. ನಾವು ದಿನವೂ ಆಡುವ ನಮಾಜ್, ರೋಜಾ, ಖುದಾ ಮೂರೂ ಫಾರಸಿಯವೇ. ನಮ್ಮ ಮನೆಗಳಲ್ಲಿರುವ ಪರ್ವೀನ್, ಶಬ್ನಮ್, ಶಿರೀನ್, ಫಿರೋಜ್ ಯಾವುವೂ ಅರಬಿಯಲ್ಲ. ಇನ್ನು ಇದು ಹೊರಗಿನ ಭಾಷೆ ಎನ್ನುವ ಮಾತು. ನಮ್ಮ ಸೀಮೆಯ ಶಹಾಬಾದ್ ಎಂಬ ಊರಿನ ಹೆಸರೇ ಫಾರಸಿ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು ತಮ್ಮನ್ನು ಕರೆದುಕೊಂಡದ್ದು ಇರಾನಿನ ಪುರಾಣಕಥೆಯ ಬಹಮನ್ ಎಂಬ ಅರಸನ ಹೆಸರಿನಿಂದ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಸೈಯದ್ ಮುಹಮ್ಮದ್ ಹುಸೇನಿ ಅವರನ್ನು ಜನ ಇಂದಿಗೂ ಕರೆಯುವುದು ಬಂದೇನವಾಜ್ ಎಂಬ ಫಾರಸಿ ಬಿರುದಿನಿಂದ. ಅದನ್ನು ನುಡಿಯಲು ಹಿಂದೂಗಳೆನ್ನದೆ ಮುಸ್ಲಿಮರೆನ್ನದೆ ಯಾರ ನಾಲಿಗೆಯೂ ತಡವರಿಸುವುದಿಲ್ಲ. ಪೀರಪ್ಪ, ದಸ್ತಗಿರೆಪ್ಪ, ಗುಲಾಬಬಾಯಿ ಎಂದು ಹೆಸರಿಟ್ಟುಕೊಂಡ ನಮ್ಮ ಸೀಮೆಯ ಹಿಂದೂ ಮನೆತನಗಳಿಗೆ ಆ ಹೆಸರುಗಳು ಪರಕೀಯ ಅನ್ನಿಸಿಲ್ಲ. ಹಾಗಾಗಿ ಕಷ್ಟ ಇದ್ದದ್ದು ಫಾರಸಿಯಲ್ಲಿ ಅಲ್ಲ, ಫರ್ಖುಂದಾ ಎಂಬ ಒಂದು ಹೆಸರು ಇಲ್ಲಿ ಬಳಕೆಯಲ್ಲಿಲ್ಲ ಎಂಬುದರಲ್ಲಿ.

ಆ ಕಷ್ಟ ತೊಟ್ಟಿಲ ದಿನವೇ ಶುರುವಾಯಿತು. ಪಕ್ಕದ ಮನೆಯ ಹಿರಿಯಾಕಿ ಕೂಸನ್ನು ಎತ್ತಿಕೊಂಡು, ‘ಎಂಥಾ ಹೆಸರ ಇಟ್ಟೀಯವ್ವಾ, ನಮ್ ನಾಲಿಗಿಗಿ ಹೊಂದವಲ್ದು’ ಎಂದರು. ಅವರ ಬಾಯಲ್ಲಿ ಅದು ‘ಪರಕುಂದಾ’. ಕಾಯಿಪಲ್ಯ ಮಾರಲು ತಾಂಡಾದಿಂದ ಬರುವ ಹೆಂಗಸಿಗೆ ‘ಪರ್ಕೂ’. ಕುಂಚಾವರಂ ಕಡೆಯ ತೆಲುಗಿನ ಗೆಳತಿಗೆ ‘ಫರ್ಕುಂದ’. ಕುಂದು ಎಂದರೆ ಕೊರತೆಯಲ್ಲವೇ, ಶುಭ ಎಂದು ಇಟ್ಟದ್ದು ಹೀಗೆ ಕೇಳಿಸುತ್ತದಲ್ಲ ಎಂದು ಮೊದಲು ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ಆಮೇಲೆ ಗಮನಿಸಿದೆ: ನಮ್ಮ ಜನಕ್ಕೆ ಈ ಧ್ವನಿಗಳು ಗೊತ್ತಿಲ್ಲದವಲ್ಲ. ಫೋನು, ಫೀಸು ಅನ್ನದ ಬಾಯಿ ಯಾವುದಿದೆ? ಖರೇ, ಖುಶಿ, ಖರ್ಚು, ದವಾಖಾನಿ ಎಂದು ಕಲಬುರಗಿ ಸೀಮೆಯವರಷ್ಟು ಗಟ್ಟಿಯಾಗಿ ಖಕಾರ ಆಡುವವರು ಇಡೀ ಕರ್ನಾಟಕದಲ್ಲಿ ಕಡಿಮೆ. ಹೊಸ ಹೆಸರೆಂಬ ಅಳುಕಿಗೆ ನಾಲಿಗೆ ತಡೆಯುತ್ತದೆ, ಅಷ್ಟೇ. ಆವತ್ತಿನಿಂದ ಕೇಳಿದವರಿಗೆಲ್ಲ ಒಂದೇ ಪಾಠ ಹೇಳತೊಡಗಿದೆ: ಫೋನಿನ ಫ, ಖುಶಿಯ ಖು, ಚಂದಾಪುರದ ದಾ. ನಡುವಿನ ರಕಾರ, ಸೊನ್ನೆ ತಾವಾಗಿಯೇ ಬಂದು ಕೂಡುತ್ತಿದ್ದವು. ಓಣಿಯ ಮಕ್ಕಳು ಅದನ್ನು ಆಟದ ಪದ ಮಾಡಿಕೊಂಡು ಕೂಗುತ್ತಿದ್ದವು. ದೊಡ್ಡವರು ಕಲಿತದ್ದು ಆ ಮಕ್ಕಳಿಂದಲೇ.

ಹಿರಿಯರ ಬಾಯನ್ನು ಮಾತ್ರ ನಾನು ತಿದ್ದಲು ಹೋಗಲಿಲ್ಲ. ಇರಾನಿನಲ್ಲಿ ಇಂದು ಇದೇ ಹೆಸರನ್ನು ಫರ್ಖೊಂದೆ ಎನ್ನುತ್ತಾರೆ. ತವರಿನಲ್ಲೇ ಒಂದು ರೂಪ, ದಖ್ಖನ್ನಿನಲ್ಲಿ ಇನ್ನೊಂದು ರೂಪ ಇರುವಾಗ, ಪಕ್ಕದ ಮನೆಯ ಅಜ್ಜಿಯ ‘ಪರಕುಂದಾ’ಕ್ಕೂ ಜಾಗ ಇರಲೇಬೇಕು. ಆಕೆ ಅಷ್ಟು ಪ್ರೀತಿಯಿಂದ ಕರೆಯುವಾಗ ಉಚ್ಚಾರ ನೋಡುತ್ತ ಕೂತರೆ ಮಗುವಿಗೆ ಸಿಗಬೇಕಾದ ಪ್ರೀತಿಯೇ ತಪ್ಪಿಹೋಗುತ್ತದೆ.

ಸುಲಭದ ಇನ್ನೊಂದು ಹೆಸರು ಇಟ್ಟುಕೊಳ್ಳಿ, ಕರೆಯಲಿಕ್ಕೆ ಸಲ್ಮಾ ಅನ್ನಿ ಎಂದು ಅನೇಕರು ಹೇಳಿದರು. ಅದಕ್ಕೆ ನಾವು ಒಪ್ಪಲಿಲ್ಲ. ಕಾಗದದಲ್ಲಿ ಒಂದು, ಓಣಿಯಲ್ಲಿ ಒಂದು ಎಂದಾದರೆ ಕಾಗದದ ಹೆಸರು ಮಗುವಿಗೇ ಅಪರಿಚಿತವಾಗುತ್ತದೆ. ಹಾಜರಿ ಕರೆದಾಗ ತನ್ನ ಹೆಸರಿಗೆ ತಾನೇ ಓಗೊಡದೆ ಕೂತ ಮಕ್ಕಳನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ‘ಫರೂ’ ಎನ್ನುತ್ತೇವೆ. ಅದು ಆ ಹೆಸರಿನದೇ ತುಂಡು.

ನಾಲಿಗೆಗೆ ಕೊಟ್ಟ ರಿಯಾಯಿತಿಯನ್ನು ಕಾಗದಕ್ಕೆ ಒಂದಕ್ಷರವೂ ಕೊಡಬಾರದು. ಅಪರೂಪದ ಹೆಸರು ಇಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಬೇಕು ನಿಜ, ಆದರೆ ಅಂದೇ ಹೆಸರು ಬರೆಸಲೇಬೇಕೆಂದಿಲ್ಲ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೂ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ಆ ಬಿಡುವನ್ನು ನಾವು ಬಳಸಿಕೊಂಡೆವು. ಮೊದಲು ಕನ್ನಡದ ರೂಪ ನಿಶ್ಚಯಿಸಿ, ಆಮೇಲೆ ಇಂಗ್ಲಿಷಿನ ಕಾಗುಣಿತಕ್ಕೆ ಬಂದೆವು. ನಾಣ್ಯಗಳ ಪಟ್ಟಿಗಳಲ್ಲಿ ಇದನ್ನು ‘ಫರ್ಖಂದಾ’ ಎಂದು ಬರೆಯುವುದುಂಟು. ಹಾಗಾಗಿ ಖಕಾರದ ಮುಂದೆ ‘ಯು’ ಎಂದು ಗಟ್ಟಿ ಮಾಡಿಕೊಂಡೆವು. ಎರಡನ್ನೂ ಒಂದು ರಟ್ಟಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಎಲ್ಲಿಗೆ ಹೋದರೂ ಬಾಯಿಂದ ಹೇಳುವ ಬದಲು ಆ ಚೀಟಿಯನ್ನೇ ಮುಂದಿಡುತ್ತಿದ್ದೆ.

ಅಷ್ಟಾದರೂ ತಪ್ಪು ಬರುತ್ತಿತ್ತು. ಒಂದು ಕಚೇರಿಯ ಪ್ರತಿಯಲ್ಲಿ ಅರ್ಕಾವತ್ತು ಬಿಟ್ಟು ‘ಫಖುಂದಾ’ ಎಂದಿತ್ತು. ಇನ್ನೊಂದು ಕಡೆ ಒತ್ತಕ್ಷರವನ್ನು ಬಿಡಿಸಿ ‘ಫರಖುಂದಾ’ ಮಾಡಿದ್ದರು. ಮತ್ತೊಂದು ಕಡೆ ಫಕಾರದ ಹೊಟ್ಟೆ ಸೀಳಿರಲಿಲ್ಲ, ಅದು ಪಕಾರವಾಗಿತ್ತು. ಹಿಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ, ಕೂತವರು ‘ಇರ್ಲಿ ಬಿಡ್ರಿ, ನಡೀತದ’ ಎನ್ನುತ್ತಾರೆ. ನಡೆಯುವುದಿಲ್ಲ. ಸಹಿ ಹಾಕುವ ಮೊದಲು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಓದಿ, ಅಲ್ಲೇ ತಿದ್ದಿಸಿಕೊಂಡೇ ಏಳಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಸಲ ಮಾತ್ರ ಅವಕಾಶ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟ್, ಮದುವೆ ನೋಂದಣಿ, ಸರ್ಕಾರಿ ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅದರಲ್ಲಿನ ಒಂದು ಒತ್ತಕ್ಷರ ತಪ್ಪಿದರೆ ಅಲೆದಾಟ ಬರುವುದು ಮುಂದೆ ಆ ಮಗುವಿಗೇ.

ಶಾಲೆಯಲ್ಲಿ ಹುಡುಗರು ‘ಕುಂದಾ, ಬೆಳಗಾವಿ ಕುಂದಾ’ ಎಂದು ಕಾಡಿದ್ದುಂಟು. ಮಗಳು ಅಳುತ್ತ ಬಂದಳು. ಆವತ್ತು ಅಜ್ಜನ ರೂಪಾಯಿಯನ್ನು ಅವಳ ಅಂಗೈಯಲ್ಲಿಟ್ಟು, ಈ ಅಕ್ಷರಗಳಲ್ಲಿ ನಿನ್ನ ಹೆಸರಿದೆ ಎಂದು ತೋರಿಸಿದೆ. ಮರುದಿನ ಅವಳು ತರಗತಿಯಲ್ಲಿ ಆ ಕಥೆ ಹೇಳಿದಳು. ಕಾಡುವುದು ಒಮ್ಮೆಲೇ ನಿಲ್ಲಲಿಲ್ಲ, ಆದರೆ ಅವಳು ಅಳುವುದು ನಿಂತಿತು. ಕಷ್ಟದ ಹೆಸರಿನ ಮಗುವಿಗೆ ಅದರ ಅರ್ಥ, ಅದು ಬಂದ ದಾರಿ, ಅದನ್ನು ಯಾಕೆ ಇಟ್ಟೆವು ಎಂಬುದು ಚಿಕ್ಕಂದಿನಲ್ಲೇ ಗೊತ್ತಿರಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನನಗೆ ಪರಿಚಯದವರೇ ಕೆಲವರು ‘ಭಾನು’ ಎಂದು ಬರೆದು ಅಭಿನಂದನೆ ಹಂಚಿದರು. ಬಾನು ಎಂದರೆ ಫಾರಸಿಯಲ್ಲಿ ಗೌರವಾನ್ವಿತ ಮಹಿಳೆ ಎಂದು ಅವರಿಗೆ ಬಿಡಿಸಿ ಹೇಳಿದವಳು ನನ್ನ ಮಗಳು.

ಶಾಲೆಯ ಗುರುಗಳಿಗೆ, ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬುವವರಿಗೆ ನನ್ನದೊಂದು ವಿನಂತಿ. ಜೂನಿನ ದಾಖಲಾತಿಯಲ್ಲಿ ನಿಮಗೆ ಗೊತ್ತಿಲ್ಲದ ಹೆಸರೊಂದು ಬಂದರೆ, ಹತ್ತಿರದ ಪರಿಚಿತ ಹೆಸರಿಗೆ ಅದನ್ನು ತಿರುಗಿಸಬೇಡಿ. ಮಗು ಎದುರಿಗಿದ್ದರೆ ಮಗುವಿನ ಬಾಯಿಂದಲೇ ಒಮ್ಮೆ ಹೇಳಿಸಿ, ಬರೆದದ್ದನ್ನು ಮಗುವಿನ ತಾಯಿಗೋ ತಂದೆಗೋ ತೋರಿಸಿ, ಆಮೇಲೆ ಗುಂಡಿ ಒತ್ತಿ.