ಅಚ್ಚು ಮತ್ತು ಪ್ಲಗಿನ್

ಆಲೆಮನೆಯಲ್ಲಿ ಬೆಲ್ಲ ಮಾಡುವವರು ಹದಕ್ಕೆ ಬಂದ ಪಾಕವನ್ನು ಅಚ್ಚುಗಳಿಗೆ ಸುರಿಯುತ್ತಾರೆ. ಪಾಕವು ಪ್ರತಿ ಸಲವೂ ಹೊಸದು. ಅಚ್ಚು ಮಾತ್ರ ಹಳೆಯದೇ. ಆಕಾರವನ್ನು ಕೊಡುವುದು ಅಚ್ಚಿನ ಕೆಲಸ. ರುಚಿಯನ್ನು ಕೊಡುವುದು ಪಾಕದ ಕೆಲಸ. ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು. ಗಣಕಯಂತ್ರದ ನೆರವಿನಿಂದ ಪುಟಗಳನ್ನು ಸಿದ್ಧಪಡಿಸುವವರೂ ಇದೇ ಬಗೆಯ ಅಚ್ಚುಗಳನ್ನು ಬಳಸುತ್ತಾರೆ. ಅವಕ್ಕೆ ಟೆಂಪ್ಲೇಟ್ ಎಂದು ಹೆಸರು.

500 ವಿದ್ಯಾರ್ಥಿಗಳಿರುವ ಒಂದು ಶಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರತಿಯೊಬ್ಬರಿಗೂ ಅಂಕಪಟ್ಟಿಯನ್ನು ಮುದ್ರಿಸಬೇಕಾಗಿದೆ. ಶಾಲೆಯ ಹೆಸರು, ತಲೆಬರಹ, ಗೆರೆಗಳು, ಮುಖ್ಯೋಪಾಧ್ಯಾಯರ ಸಹಿಗೆ ಬಿಟ್ಟ ಸ್ಥಳ ಇವೆಲ್ಲವೂ ಎಲ್ಲ ಪಟ್ಟಿಗಳಲ್ಲಿಯೂ ಒಂದೇ ಆಗಿರುತ್ತವೆ. ವಿದ್ಯಾರ್ಥಿಯ ಹೆಸರು ಮತ್ತು ಅಂಕಗಳು ಮಾತ್ರ ಬದಲಾಗುತ್ತವೆ. ಬದಲಾಗದ ಭಾಗವನ್ನು ಒಮ್ಮೆ ಬರೆದು, ಬದಲಾಗುವ ಎಡೆಗಳಲ್ಲಿ ಗುರುತುಗಳನ್ನು ಇಟ್ಟರೆ ಸಾಕು. ಉಳಿದುದನ್ನು ಯಂತ್ರವು ತುಂಬುತ್ತದೆ.

ಹಿಂದೆ ಕ್ರಮವಿಧಿಯನ್ನು ಬರೆಯುವವರು ಪುಟದ ಮಾತುಗಳನ್ನೂ ಕ್ರಮವಿಧಿಯ ಒಳಗೇ ಸೇರಿಸಿಬಿಡುತ್ತಿದ್ದರು. ಇದರಿಂದ ತಲೆಬರಹದಲ್ಲಿ ಒಂದು ಅಕ್ಷರವನ್ನು ತಿದ್ದಬೇಕಾದರೂ ಕ್ರಮವಿಧಿಯನ್ನೇ ತೆರೆಯಬೇಕಾಗುತ್ತಿತ್ತು. ಪುಟವನ್ನು ಅಂದಗೊಳಿಸುವವನು ಅರಿಯದೆ ಲೆಕ್ಕವನ್ನು ಕೆಡಿಸುವ ಭಯವಿತ್ತು. ಲೆಕ್ಕವನ್ನು ಬರೆಯುವವನು ಪುಟದ ಅಂದವನ್ನು ಕೆಡಿಸುವ ಸಂಭವವೂ ಇತ್ತು. ಈ ಇಬ್ಬರ ಕೆಲಸಗಳನ್ನು ಬೇರ್ಪಡಿಸುವುದೇ ಟೆಂಪ್ಲೇಟ್ ವ್ಯವಸ್ಥೆಗಳ ಮುಖ್ಯ ಉದ್ದೇಶ.

ಇಂತಹ ವ್ಯವಸ್ಥೆಗಳಲ್ಲಿ ಟೆಂಪ್ಲೇಟ್ ಟೂಲ್‌ಕಿಟ್ ಎಂಬುದು ಪ್ರಸಿದ್ಧವಾದುದು. ಇದನ್ನು ರಚಿಸಿದವರು ಆಂಡಿ ವಾರ್ಡ್ಲಿ ಎಂಬುವರು. ಲ್ಯಾರಿ ವಾಲ್ ಅವರು 1987ರಲ್ಲಿ ಹೊರತಂದ ಪರ್ಲ್ ಎಂಬ ಗಣಕಭಾಷೆಯಲ್ಲಿ ಇದು ರಚಿತವಾಗಿದೆ. ಇದರ ಎರಡನೆಯ ಆವೃತ್ತಿಯು 2000ದಲ್ಲಿ ಪ್ರಕಟವಾಯಿತು. ಇದನ್ನು ಕುರಿತು ವಾರ್ಡ್ಲಿ ಮತ್ತು ಇತರ ಇಬ್ಬರು ಸೇರಿ ಬರೆದ ಗ್ರಂಥವು 2003ರಲ್ಲಿ ಹೊರಬಂದಿತು.

ಈ ವ್ಯವಸ್ಥೆಯಲ್ಲಿ ಅಚ್ಚಿಗೆ ತನ್ನದೇ ಆದ ಒಂದು ಚಿಕ್ಕ ಭಾಷೆಯುಂಟು. ಚೌಕ ಆವರಣ ಮತ್ತು ಶೇಕಡಾ ಚಿಹ್ನೆಗಳ ನಡುವೆ ಬರೆದ ಮಾತನ್ನು ಯಂತ್ರವು ಆಜ್ಞೆಯೆಂದು ತಿಳಿಯುತ್ತದೆ. ಉಳಿದುದನ್ನು ಇದ್ದ ಹಾಗೆಯೇ ಬಿಡುತ್ತದೆ. ಒಂದು ಬೆಲೆಯನ್ನು ಪುಟದಲ್ಲಿ ಇರಿಸುವುದು, ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಒಂದೇ ಕೆಲಸವನ್ನು ಮಾಡುವುದು, ಷರತ್ತನ್ನು ನೋಡಿ ನಡೆಯುವುದು ಮುಂತಾದವುಗಳು ಈ ಭಾಷೆಗೆ ಸಾಧ್ಯ. ಇದನ್ನು ಬೇಕೆಂದೇ ಚಿಕ್ಕದಾಗಿ ಇರಿಸಲಾಗಿದೆ. ಪುಟವನ್ನು ವಿನ್ಯಾಸಗೊಳಿಸುವವನು ದೊಡ್ಡ ಗಣಕಭಾಷೆಯನ್ನು ಕಲಿಯಬೇಕಾಗಬಾರದು ಎಂಬುದೇ ಇದರ ಹಿಂದಿನ ಆಶಯ.

ಆದರೆ ಚಿಕ್ಕ ಭಾಷೆಗೆ ದೊಡ್ಡ ಅಗತ್ಯಗಳು ಎದುರಾಗುತ್ತವೆ. ಅಂಕಪಟ್ಟಿಯಲ್ಲಿ ಅಂದಿನ ದಿನಾಂಕವು ಬೇಕು. ವಿದ್ಯಾರ್ಥಿಗಳ ಹೆಸರುಗಳನ್ನು 4 ಸಾಲುಗಂಬಗಳಲ್ಲಿ ಹಂಚಬೇಕು. ಕಡತವೊಂದರಲ್ಲಿರುವ ವಿವರಗಳನ್ನು ಓದಬೇಕು. ಇವೆಲ್ಲವನ್ನೂ ಮೂಲಭಾಷೆಯೊಳಕ್ಕೆ ತುಂಬಿದರೆ ಅದು ಭಾರವಾಗಿ, ಕಲಿಯಲು ಕಷ್ಟವಾಗುತ್ತದೆ. ಆದುದರಿಂದ ಇಂತಹ ಒಂದೊಂದು ಸಾಮರ್ಥ್ಯವನ್ನೂ ಪ್ರತ್ಯೇಕ ಘಟಕವಾಗಿ ಮಾಡಿ, ಬೇಕಾದಾಗ ಮಾತ್ರ ಜೋಡಿಸಿಕೊಳ್ಳುವ ಏರ್ಪಾಡನ್ನು ಮಾಡಲಾಯಿತು. ಇಂತಹ ಘಟಕವೇ ಪ್ಲಗಿನ್. ನೇಗಿಲು, ಕುಂಟೆ, ಕೂರಿಗೆಗಳಲ್ಲಿ ಆ ದಿನದ ಕೆಲಸಕ್ಕೆ ಬೇಕಾದುದನ್ನು ಮಾತ್ರ ರೈತನು ನೊಗಕ್ಕೆ ಕಟ್ಟುವಂತೆ, ಅಚ್ಚೂ ತನಗೆ ಬೇಕಾದ ಪ್ಲಗಿನ್ನನ್ನು ಮಾತ್ರ ಕರೆಯುತ್ತದೆ.

ಕರೆಯುವ ಆಜ್ಞೆಯು ಬಹಳ ಸರಳವಾದುದು. 'ಯೂಸ್' ಎಂಬ ಪದವನ್ನು ಬರೆದು ಅದರ ಮುಂದೆ ಪ್ಲಗಿನ್ನಿನ ಹೆಸರನ್ನು ಬರೆಯಬೇಕು. 'ಯೂಸ್ ಡೇಟ್' ಎಂದರೆ ದಿನಾಂಕದ ಪ್ಲಗಿನ್ ಬರುತ್ತದೆ. ಹೆಸರಿನ ಮುಂದೆ ಆವರಣದಲ್ಲಿ ಸೂಚನೆಗಳನ್ನು ಕೊಡಬಹುದು. 'ಟೇಬಲ್' ಎಂಬ ಪ್ಲಗಿನ್ನಿಗೆ ಹೆಸರುಗಳ ಪಟ್ಟಿಯನ್ನೂ 4 ಎಂಬ ಸಂಖ್ಯೆಯನ್ನೂ ಕೊಟ್ಟರೆ, ಅದು ಆ ಪಟ್ಟಿಯನ್ನು 4 ಸಾಲುಗಂಬಗಳಾಗಿ ಹಂಚುತ್ತದೆ. ಒಂದೇ ಪ್ಲಗಿನ್ನನ್ನು ಎರಡು ಬೇರೆ ಹೆಸರುಗಳಿಂದ ಕರೆದು, ಒಂದಕ್ಕೆ ಒಂದು ಬಗೆಯ ಸೂಚನೆಯನ್ನೂ ಇನ್ನೊಂದಕ್ಕೆ ಮತ್ತೊಂದು ಬಗೆಯ ಸೂಚನೆಯನ್ನೂ ಕೊಡಬಹುದು. ಆಗ ಒಂದೇ ಪುಟದಲ್ಲಿ ದಿನಾಂಕವನ್ನು ಒಂದೆಡೆ ಅಂಕಿಗಳಲ್ಲಿಯೂ ಇನ್ನೊಂದೆಡೆ ತಿಂಗಳ ಹೆಸರಿನೊಡನೆಯೂ ತೋರಿಸಲು ಸಾಧ್ಯವಾಗುತ್ತದೆ.

ಹೆಸರನ್ನು ಕೇಳಿದ ಕೂಡಲೆ ಯಂತ್ರವು ಪ್ಲಗಿನ್ನನ್ನು ಎಲ್ಲಿ ಹುಡುಕುತ್ತದೆ? ಇದಕ್ಕೆ ಒಂದು ಕ್ರಮವಿದೆ. ಮೊದಲು ಅದು ಹೆಸರುಗಳ ಪಟ್ಟಿಯೊಂದನ್ನು ನೋಡುತ್ತದೆ. ಯಾವ ಹೆಸರಿಗೆ ಯಾವ ಘಟಕವೆಂಬುದು ಅಲ್ಲಿ ಬರೆದಿರುತ್ತದೆ. ವ್ಯವಸ್ಥೆಯೊಡನೆ ಬಂದ ಪ್ಲಗಿನ್ನುಗಳ ಹೆಸರುಗಳು ಈ ಪಟ್ಟಿಯಲ್ಲಿ ಮೊದಲೇ ಇರುತ್ತವೆ. ವ್ಯವಸ್ಥಾಪಕನು ತನ್ನವನ್ನೂ ಸೇರಿಸಬಹುದು. ಅಲ್ಲಿ ಹೆಸರು ದೊರೆಯದಿದ್ದರೆ, ಹುಡುಕಬೇಕಾದ ಸ್ಥಳಗಳೆಂದು ವ್ಯವಸ್ಥಾಪಕನು ಸೂಚಿಸಿದ ಒಂದೊಂದು ಎಡೆಯಲ್ಲಿಯೂ ಸರದಿಯಂತೆ ಹುಡುಕುತ್ತದೆ. ಎಲ್ಲಿಯೂ ಸಿಗದಿದ್ದರೆ ದೋಷವನ್ನು ಸಾರಿ ಕೆಲಸವನ್ನು ನಿಲ್ಲಿಸುತ್ತದೆ. ಅಂತಹ ದೋಷವನ್ನು ಹಿಡಿದು, ಅದಕ್ಕೆ ಬದಲಾಗಿ ಏನನ್ನು ತೋರಿಸಬೇಕೆಂಬುದನ್ನು ಅಚ್ಚಿನಲ್ಲಿಯೇ ಬರೆದಿಡುವ ಅನುಕೂಲವೂ ಉಂಟು.

ಈ ಏರ್ಪಾಡಿನ ಪ್ರಯೋಜನವು ದೊಡ್ಡದು. ಅಂಕಗಳಿಂದ ಶ್ರೇಣಿಯನ್ನು ನಿರ್ಣಯಿಸುವ ಪ್ಲಗಿನ್ನನ್ನು ಶಾಲೆಯವರು 'ಶ್ರೇಣಿ' ಎಂಬ ಅರ್ಥದ ಹೆಸರಿನಿಂದ ಬಳಸುತ್ತಿದ್ದಾರೆಂದು ಭಾವಿಸಬಹುದು. ಮುಂದೆ ಶ್ರೇಣಿಯ ನಿಯಮಗಳು ಬದಲಾಗಿ ಹೊಸ ಘಟಕವು ಸಿದ್ಧವಾಗುತ್ತದೆ. ಆಗ ಹೆಸರುಗಳ ಪಟ್ಟಿಯಲ್ಲಿ ಒಂದು ಸಾಲನ್ನು ಬದಲಾಯಿಸಿದರೆ ಸಾಕು. ನೂರಾರು ಅಚ್ಚುಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ. ಇದಲ್ಲದೆ, ಪ್ಲಗಿನ್ನಿನ ಘಟಕವನ್ನು ಯಂತ್ರವು ಮೊದಲ ಕರೆಯಲ್ಲಿ ಮಾತ್ರ ಒಳಕ್ಕೆ ತಂದುಕೊಳ್ಳುತ್ತದೆ. ಆಮೇಲಿನ ಪ್ರತಿಯೊಂದು ಕರೆಗೂ ಅದೇ ಘಟಕದಿಂದ ಹೊಸ ಪ್ರತಿಯನ್ನು ಸಿದ್ಧಮಾಡಿ ಕೊಡುತ್ತದೆ. ಇದರಿಂದ ಕಾಲವು ಉಳಿಯುತ್ತದೆ.

ಇಲ್ಲಿ ಒಂದು ಗಂಭೀರವಾದ ಪ್ರಶ್ನೆ ಏಳುತ್ತದೆ. ಅಚ್ಚನ್ನು ಬರೆಯುವವನು ಏನನ್ನು ಬೇಕಾದರೂ ಕರೆಯಬಹುದೇ? ಪರ್ಲ್ ಭಾಷೆಯಲ್ಲಿ ಸಿದ್ಧವಾಗಿರುವ ಘಟಕಗಳು ಅಸಂಖ್ಯ. ಅವುಗಳಲ್ಲಿ ಕಡತಗಳನ್ನು ಅಳಿಸಬಲ್ಲವೂ ಇವೆ. ಯಂತ್ರಕ್ಕೆ ಆಜ್ಞೆ ಮಾಡಬಲ್ಲವೂ ಇವೆ. ಪ್ಲಗಿನ್ ಅಲ್ಲದ ಸಾಮಾನ್ಯ ಘಟಕಗಳನ್ನೂ ಕರೆಯಲು ಅನುಮತಿ ನೀಡುವ ಒಂದು ಆಯ್ಕೆಯು ಟೂಲ್‌ಕಿಟ್‌ನಲ್ಲಿ ಇದೆ. ಆದರೆ ಅದನ್ನು ಮೊದಲಿನಿಂದಲೇ ಮುಚ್ಚಿ ಇಡಲಾಗಿದೆ. ಅಚ್ಚಿನೊಳಗೆ ಪರ್ಲ್ ಕ್ರಮವಿಧಿಯನ್ನೇ ಬರೆಯಲು ಬಿಡುವ ಆಯ್ಕೆಯೂ ಹಾಗೆಯೇ ಮುಚ್ಚಿರುತ್ತದೆ. ವ್ಯವಸ್ಥಾಪಕನು ತಿಳಿದು ತೆರೆದರೆ ಮಾತ್ರ ಅವು ತೆರೆಯುತ್ತವೆ.

ಈ ಎಚ್ಚರಿಕೆಯು ನಿಷ್ಕಾರಣವಾದುದಲ್ಲ. 2019ರ ಡಿಸೆಂಬರಿನಲ್ಲಿ ಸಿಟ್ರಿಕ್ಸ್ ಸಂಸ್ಥೆಯು ತನ್ನ ಜಾಲ ಉಪಕರಣಗಳಲ್ಲಿ ಒಂದು ದೊಡ್ಡ ದೋಷವಿರುವುದನ್ನು ಪ್ರಕಟಿಸಿತು. ಹೊರಗಿನವರು ಆ ಉಪಕರಣದೊಳಗೆ ತಮ್ಮದೇ ಕಡತವನ್ನು ಬರೆದು, ಅದನ್ನು ಅಚ್ಚೆಂದು ನಂಬಿಸಲು ಸಾಧ್ಯವಾಗುತ್ತಿತ್ತು. ಅಲ್ಲಿದ್ದ ಟೆಂಪ್ಲೇಟ್ ಟೂಲ್‌ಕಿಟ್ ಆ ಕಡತವನ್ನು ಓದಿ, ಅದರಲ್ಲಿ ಅಡಗಿಸಿದ್ದ ಆಜ್ಞೆಯನ್ನು ನಡೆಸುತ್ತಿತ್ತು. ಇಲ್ಲಿ ತಪ್ಪು ಪ್ಲಗಿನ್ನಿನದಾಗಿರಲಿಲ್ಲ. ಆದರೂ ಇದರಿಂದ ತಿಳಿಯುವ ಪಾಠವು ಒಂದೇ. ಅಚ್ಚು ಎಂಬುದು ಬರಿಯ ಬರಹವಲ್ಲ. ಅದು ಆಜ್ಞೆಗಳನ್ನು ಹೊತ್ತ ಬರಹ. ಅದನ್ನು ಬರೆಯುವ ಅಧಿಕಾರವು ಯಾರಿಗೆ ಇದೆ ಎಂಬುದನ್ನು ಕಾಯದಿದ್ದರೆ ಇಡೀ ಯಂತ್ರವೇ ಅನ್ಯರ ಕೈವಶವಾಗಬಹುದು.

ಆದುದರಿಂದ ಬಲ್ಲ ವ್ಯವಸ್ಥಾಪಕನು ಅಗತ್ಯವಾದ ಪ್ಲಗಿನ್ನುಗಳನ್ನು ಮಾತ್ರ ಒದಗಿಸುತ್ತಾನೆ. ಅವುಗಳ ಹೆಸರುಗಳನ್ನು ಸ್ಪಷ್ಟವಾಗಿ ಬರೆದಿಡುತ್ತಾನೆ. ಮುಚ್ಚಿದ ಬಾಗಿಲನ್ನು ಅನುಕೂಲದ ಆಸೆಗೆ ತೆರೆಯುವುದಿಲ್ಲ. ಸಾಮರ್ಥ್ಯವನ್ನು ಕೂಡಿಸುವುದು ಒಂದು ಸಾಲಿನ ಕೆಲಸ. ಯಾವ ಸಾಮರ್ಥ್ಯವನ್ನು ಯಾರ ಕೈಗೆ ಕೊಡಬೇಕೆಂಬುದನ್ನು ನಿರ್ಣಯಿಸುವುದು ವಿವೇಕದ ಕೆಲಸ. ಮೊದಲನೆಯದನ್ನು ಯಂತ್ರವು ಮಾಡಬಲ್ಲದು. ಎರಡನೆಯದು ಎಂದಿಗೂ ಮನುಷ್ಯನ ಹೊಣೆಯೇ.

ಅಭ್ಯಾಸ

1. ಪುಟದ ಮಾತುಗಳನ್ನು ಕ್ರಮವಿಧಿಯ ಒಳಗೇ ಬರೆಯುವುದರಿಂದ ಯಾವ ತೊಂದರೆಗಳು ಉಂಟಾಗುತ್ತಿದ್ದವು?

2. ಪ್ಲಗಿನ್ ಎಂದರೇನು? ಅದು ಏಕೆ ಅಗತ್ಯವಾಯಿತು?

3. ಕರೆದ ಪ್ಲಗಿನ್ನನ್ನು ಯಂತ್ರವು ಯಾವ ಕ್ರಮದಲ್ಲಿ ಹುಡುಕುತ್ತದೆ? ವಿವರಿಸಿ.

4. 'ಅಚ್ಚು ಎಂಬುದು ಬರಿಯ ಬರಹವಲ್ಲ. ಅದು ಆಜ್ಞೆಗಳನ್ನು ಹೊತ್ತ ಬರಹ.' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.