ಶ್ರಮೆಯಲ್ಲಿ ಇರುವಾಗಲೇ ಒಳ್ಳೇ ಕೆಲಸ (1 ಪೇತ್ರ 4:19)

ಪೇತ್ರನ ಮೊದಲನೇ ಪತ್ರಿಕೆ, ನಾಲ್ಕನೇ ಅಧ್ಯಾಯ ತೆರೆದೇ ಇಟ್ಟುಕೊಳ್ಳಿ. 12ರಿಂದ 19ರ ತನಕ ಈಗ ಓದಿ ಕೇಳಿದ್ದೇವೆ. ಇವತ್ತು ನಾನು ಕಡೇ ವಚನ ಒಂದನ್ನೇ ಹಿಡಿದುಕೊಳ್ತೇನೆ. ದೇವರ ಚಿತ್ತದ ಪ್ರಕಾರ ಬಾಧೆಪಡುವವರಿಗೆ ಪೇತ್ರನು ಎರಡು ಕೆಲಸ ಹೇಳ್ತಾನೆ. ಆತ್ಮವನ್ನು ಸೃಷ್ಟಿಕರ್ತನಿಗೆ ಒಪ್ಪಿಸಬೇಕು. ಒಳ್ಳೇ ಕೆಲಸ ಮಾಡ್ತಾ ಇರಬೇಕು. ಮೊದಲನೆಯದಕ್ಕೆ ನಮ್ಮಲ್ಲಿ ಆಮೆನ್ ಜೋರಾಗಿ ಬರುತ್ತೆ. ಎರಡನೆಯದಕ್ಕೆ ಸ್ವಲ್ಪ ಮೆಲ್ಲಗೆ, ಅಲ್ವಾ?

ಯಾರಿಗೆ ಬರೆದ ಪತ್ರ ಇದು? ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿದ್ದ ವಿಶ್ವಾಸಿಗಳಿಗೆ. ಎಲ್ಲಾ ಈಗಿನ ಟರ್ಕಿ ದೇಶದ ಕಡೆ. ಅವರ ಶ್ರಮೆ ಏನು? ಶ್ರಮೆ ಅಂದ ಕೂಡಲೇ ನಮಗೆ ಕತ್ತಿ, ಸಿಂಹ, ಸೆರೆಮನೆ ನೆನಪಾಗುತ್ತೆ. ಆದರೆ ನಾಲ್ಕನೇ ವಚನ ನೋಡಿ. ಹಳೇ ಗೆಳೆಯರು, 'ಇವನು ಈಗ ನಮ್ಮ ಜೊತೆ ಕುಡಿಯೋಕೆ ಬರಲ್ಲ' ಅಂತ ಆಶ್ಚರ್ಯಪಟ್ಟು ದೂಷಣೆ ಮಾಡ್ತಿದ್ದರು. ಹದಿನಾಲ್ಕನೇ ವಚನದಲ್ಲಿ ನಿಂದೆ. ಮಾತಿನ ಪೆಟ್ಟು ಅದು. ರಕ್ಷಣೆ ಹೊಂದಿ ಕುಡಿತ ಬಿಟ್ಟ ಸಹೋದರರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

'ಒಪ್ಪಿಸು' ಅನ್ನೋ ಪದಕ್ಕೆ ಬರೋಣ. ಗ್ರೀಕ್‌ನಲ್ಲಿ ಅದಕ್ಕೆ, ಬೆಲೆಬಾಳುವ ವಸ್ತುವನ್ನು ನಂಬಿಕಸ್ತನ ಹತ್ತಿರ ಜೋಪಾನಕ್ಕೆ ಕೊಡೋದು ಅನ್ನುವ ಅರ್ಥ ಇದೆ. ದೂರದ ಊರಿಗೆ ಹೋಗುವವರು ಮನೆಯ ಒಡವೆಯನ್ನು ಅಕ್ಕನ ಮನೆಯಲ್ಲಿ ಇಟ್ಟು ಹೋಗ್ತಾರಲ್ಲ, ಹಾಗೆ. ಇದೇ ಪದವನ್ನು ಲೂಕ 23:46ರಲ್ಲಿ ನಮ್ಮ ಕರ್ತನು ಶಿಲುಬೆಯ ಮೇಲೆ ಹೇಳಿದನು, ತಂದೆಯ ಕೈಗೆ ತನ್ನ ಆತ್ಮವನ್ನು ಒಪ್ಪಿಸಿದಾಗ. ಪೇತ್ರನು ಇಲ್ಲಿ ದೇವರನ್ನು 'ಸೃಷ್ಟಿಕರ್ತ' ಅಂತ ಕರೆಯಲು ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಬರಲ್ಲ. ಯಾಕೆ ಈ ಹೆಸರು? ಮಾಡಿದವನಿಗೇ ತಾನೇ ಗೊತ್ತು, ಮಾಡಿದ್ದನ್ನು ಹೇಗೆ ಕಾಯಬೇಕು ಅಂತ. ಸ್ತೋತ್ರ!

ಈಗ ಯೋಚನೆ ಮಾಡಿ. ಒಡವೆಯ ಗಂಟನ್ನು ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಕೂತವಳು ಪಕ್ಕದವಳ ಮಗುವನ್ನು ಎತ್ತಿಕೊಳ್ಳೋಕೆ ಆಗುತ್ತಾ? ಆಗಲ್ಲ. ಕೈ ಖಾಲಿ ಇಲ್ಲ. ಗಂಟನ್ನು ಒಪ್ಪಿಸಿ ಬಂದವಳಿಗೆ ಎರಡೂ ಕೈ ಬಿಡುವು. ಪೇತ್ರನ ಎರಡು ಮಾತು ಸೇರುವುದು ಇಲ್ಲೇ ಅಂತ ನನಗೆ ಅನಿಸುತ್ತೆ.

ಇಬ್ರಿಯ 5:8ಕ್ಕೆ ಹೋಗಿ. ದೇವರ ಮಗನೇ ಬಾಧೆಯ ಮೂಲಕ ವಿಧೇಯತೆಯನ್ನು ಕಲಿತನು ಅಂತ ಅಲ್ಲಿದೆ. ಮೊದಲು ಅವಿಧೇಯನಾಗಿದ್ದ ಅಂತಲ್ಲ, ಆತನಲ್ಲಿ ಪಾಪ ಇರಲಿಲ್ಲ. ವಿಧೇಯತೆಗೆ ಎಷ್ಟು ಬೆಲೆ ಅನ್ನೋದನ್ನು ಮಾಂಸದಲ್ಲಿ ಅನುಭವಿಸಿದನು. ಶಿಲುಬೆಯ ಮೇಲೆ ಆ ಹೊತ್ತಿನಲ್ಲಿ ಏನು ಮಾಡ್ತಿದ್ದ? ಮೊಳೆ ಹೊಡೆದವರಿಗೆ ಕ್ಷಮೆ ಬೇಡಿದ. ಪಕ್ಕದ ಕಳ್ಳನಿಗೆ ಪರದೈಸಿನ ಮಾತು ಕೊಟ್ಟ. ತಾಯಿಗೆ ಇರೋಕೆ ಒಂದು ಮನೆ ನೋಡಿದ, ಪ್ರಿಯ ಶಿಷ್ಯನಿಗೆ ಆಕೆಯನ್ನು ಒಪ್ಪಿಸಿದ. ಉಸಿರಾಡೋಕೆ ಕಷ್ಟಪಡುವ ಹೊತ್ತಲ್ಲಿ ತಾಯಿಯ ವಸತಿಯ ಏರ್ಪಾಡು! ನನ್ನ ನೋವು ಮುಗಿಯಲಿ, ಆಮೇಲೆ ನೋಡೋಣ ಅಂತ ಆತನು ಹೇಳಲಿಲ್ಲ.

ನಾವು ಹಾಗೆ ಹೇಳ್ತೇವೆ. ಸಾಲ ತೀರಲಿ, ಆಮೇಲೆ ಸೇವೆ. ಕಾಯಿಲೆ ವಾಸಿಯಾಗಲಿ, ಆಮೇಲೆ ಸಾಕ್ಷಿ. ನಮ್ಮ ಸಭೆಯ ಒಬ್ಬ ಸಹೋದರಿಯ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಕೆ ಡಬ್ಬಿಯಲ್ಲಿ ಯಾವಾಗಲೂ ಎರಡು ಚಪಾತಿ ಜಾಸ್ತಿ ತಗೊಂಡು ಹೋಗ್ತಾರೆ. ಪಕ್ಕದ ಮಂಚದ ಅಜ್ಜನ ಜೊತೆ ಬಂದ ಹುಡುಗ ಊಟ ಮಾಡದೆ ಕೂತಿರ್ತಾನಂತೆ. ನಾನು ಕೇಳಿದೆ, 'ಅಮ್ಮಾ, ನಿಮಗೇ ಕಷ್ಟ ಇದೆಯಲ್ಲ?' ಆಕೆ, 'ಪಾಸ್ಟರೇ, ಹಿಟ್ಟು ಕಲಸೋವಾಗ ಎರಡು ಉಂಡೆ ಜಾಸ್ತಿ, ಅಷ್ಟೇ' ಅಂದರು. ಗಂಡ ಇನ್ನೂ ವಾಸಿಯಾಗಿಲ್ಲ. ನಾವು ಪ್ರಾರ್ಥನೆ ನಿಲ್ಲಿಸಿಲ್ಲ. ಕರ್ತನು ಗುಣಮಾಡಲು ಶಕ್ತನು. ಆದರೆ ವಾಸಿಯಾಗದೆ ಇರೋದು ಆಕೆಯ ಅಪನಂಬಿಕೆ ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಆ ಡಬ್ಬಿ ನೋಡಿ. ಕ್ರಿಯೆಯಿಂದ ನಂಬಿಕೆ ತೋರಿಸು ಅಂತ ಯಾಕೋಬನು ಕೇಳಿದ್ದು ಇದನ್ನೇ.

ಒಂದು ಎಚ್ಚರಿಕೆ. 15ನೇ ವಚನ ಬಿಡಬೇಡಿ. ಕಳ್ಳನಾಗಿ, ಪರರ ಕೆಲಸದಲ್ಲಿ ತಲೆ ಹಾಕಿ ಪೆಟ್ಟು ತಿಂದರೆ ಅದು ಕ್ರಿಸ್ತನಿಗಾಗಿ ಶ್ರಮೆ ಅಲ್ಲ. ಹಾಗೆಯೇ, ಕುಡಿದು ಹೊಡೆಯುವ ಗಂಡನ ಮನೆಗೆ ಹೆಂಗಸನ್ನು 'ಸಹಿಸಿಕೋ ಅಮ್ಮಾ' ಅಂತ ವಾಪಸ್ ಕಳಿಸೋಕೆ ಈ ವಚನ ಬಳಸಬೇಡಿ. ಆ ಗಂಡ ಮಾಡೋದು ಪಾಪ. ಆಕೆಗೆ ಸುರಕ್ಷಿತವಾದ ಜಾಗ ಕೊಡೋದೇ ಅಲ್ಲಿ ಸಭೆಯ ಒಳ್ಳೇ ಕೆಲಸ. ಅಂಥವರು ಇಲ್ಲಿದ್ದರೆ ಆರಾಧನೆ ಆದಮೇಲೆ ನನ್ನ ಹೆಂಡತಿ ಹತ್ತಿರ ಮಾತಾಡಿ.

ಇನ್ನು ಯಾಕೋಬ 2:15, 16. ಬಟ್ಟೆ ಇಲ್ಲದ, ಊಟ ಇಲ್ಲದ ಸಹೋದರನಿಗೆ ಬರೀ ಶುಭದ ಮಾತು ಹೇಳಿ ಕಳಿಸುವವರ ವಿಷಯ. ನಮ್ಮ ಭಾಷೆಯಲ್ಲಿ ಅದು 'ಪ್ರೇಯರ್ ಮಾಡ್ತೀವಿ ಬ್ರದರ್'. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ. ಆದರೆ ಈ ವಾರ ನಮ್ಮ ನಡುವೆ ಆಸ್ಪತ್ರೆಗೆ ಸೇರಿದವರು ಇಬ್ಬರಿದ್ದಾರೆ. ರಾತ್ರಿ ಅವರ ಹತ್ತಿರ ಇರೋಕೆ ಜನ ಬೇಕು. ಕೆಲಸ ಹೋಗಿರುವ ಯೌವನಸ್ಥರೇ, 'ನಾನೇ ಕಷ್ಟದಲ್ಲಿದ್ದೇನೆ' ಅಂತ ನೀವು ಅಂದುಕೊಳ್ತಿರಬಹುದು. ನಾನು ಮೊದಲು ನಿಮ್ಮನ್ನೇ ಕೇಳ್ತಿದ್ದೇನೆ. ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ, ಯಾವ ರಾತ್ರಿ ಹೋಗ್ತೀರಿ ಅಂತ ಹೆಸರು ಬರೆದು ಹೋಗಿ. ಈಗ ಎದ್ದು ನಿಂತು ಆ ಇಬ್ಬರಿಗಾಗಿ ಪ್ರಾರ್ಥಿಸೋಣ.